ಕಬ್ಬಿನ ಜಲ್ಲೆ ಮತ್ತು ಕಾಯಂ ಶೀಲ್ಡು

ನಂಬಿಕೆಯೇ ಸಮಾಜದ ಅಡಿಗಲ್ಲು, ಒಬ್ಬರನ್ನೊಬ್ಬರು ನಂಬದೆ ಹೋದರೆ ಲೋಕ ಒಂದು ದಿನವೂ ನಡೆಯಲಾರದು ಎಂದು ತಿಳಿದವರು ಹೇಳುತ್ತಾರೆ. ಹೇಳಿ ಮುಗಿಸಿ, ಸಭೆಯಿಂದ ಎದ್ದು, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಅಲ್ಲೇ ಇದೆಯೇ ಎಂದು ಮೊದಲು ನೋಡಿಕೊಳ್ಳುತ್ತಾರೆ.

ನಮ್ಮ ಶಾಲೆಯ ಡ್ರಿಲ್ ಮಾಸ್ಟರು ಇಂಥ ದ್ವಂದ್ವಕ್ಕೆ ಸಿಕ್ಕಿದವರಲ್ಲ. ಅವರು ತಮ್ಮ ಕ್ಯಾನ್ವಾಸ್ ಬೂಟನ್ನು ಕಂಕುಳಲ್ಲೇ ಇಟ್ಟುಕೊಂಡು ಉಪನ್ಯಾಸ ಕೇಳುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡರೆಂಬ ಸುದ್ದಿ ಬಂದಾಗ ನಾನು ತಕ್ಷಣ ನಂಬಲಿಲ್ಲ. ಅವರಿಂದ ನಾನು ಕಲಿತ ವಿದ್ಯೆ ಅದೊಂದೇ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಡುಗೋಡಿಯ ಆಚೆ, ದ್ರಾಕ್ಷಿ ತೋಟಗಳ ನಡುವೆ ನಮ್ಮ ವಸತಿ ಶಾಲೆ ಇತ್ತು. ಕಂಟ್ರಾಕ್ಟರುಗಳ ಮಕ್ಕಳು, ಟೂರಿಂಗ್ ಟಾಕೀಸಿನವರ ಮಕ್ಕಳು, ರೇಷ್ಮೆ ವ್ಯಾಪಾರಿಗಳ ಮಕ್ಕಳು ಅಲ್ಲಿ ಉಂಡು ಮಲಗಿ, ಬಿಡುವಾದಾಗ ಓದುತ್ತಿದ್ದರು. ಅಷ್ಟು ಫೀಸು ಕೊಟ್ಟ ತಂದೆತಾಯಿಗಳ ಮುಂದೆ ‘ನಿಮ್ಮ ಮಗ ಸಾಧಾರಣ’ ಎಂದು ಹೇಳುವ ಎದೆಗಾರಿಕೆ ಯಾವ ಶಾಲೆಗೂ ಇರುವುದಿಲ್ಲ. ಆದ್ದರಿಂದ ನಮ್ಮಲ್ಲಿ ಪ್ರತಿ ಹುಡುಗನೂ ವರ್ಷಕ್ಕೊಮ್ಮೆಯಾದರೂ ಯಾವುದಾದರೊಂದರಲ್ಲಿ ಪ್ರಥಮ ಬರಲೇಬೇಕೆಂಬುದು ಹೆಡ್ ಮಾಸ್ಟರ ಅಲಿಖಿತ ಶಾಸನ. ದುಂಡು ಅಕ್ಷರಕ್ಕೆ ಬೆಳ್ಳಿ ಕಪ್ಪು, ಹಾಸಿಗೆ ಮಡಿಸಿದ್ದಕ್ಕೆ ಕಪ್ಪು, ಸಾಲಿನಲ್ಲಿ ಗಲಾಟೆ ಮಾಡದೆ ನಿಂತದ್ದಕ್ಕೆ ಕಪ್ಪು. ಏನೂ ಬಾರದವನಿಗೆ ‘ಸರ್ವತೋಮುಖ ಪ್ರಗತಿ’ ಎಂಬುದೊಂದಿತ್ತು. ಬ್ಯಾಂಡು ಬಾರಿಸಿ, ಹಾರ ಹಾಕಿ, ವೇದಿಕೆ ಹತ್ತಿಸಿ, ಬಿನ್ನವತ್ತಳೆ ಓದಲಾಗುತ್ತಿತ್ತು. ಆ ಬಿನ್ನವತ್ತಳೆ ಬರೆಯುವ ಪಾಪಕಾರ್ಯ ಕನ್ನಡ ಪಂಡಿತನಾದ ನನ್ನದು. ‘ಗಂಡುಗಲಿ’ ಎಂಬ ಪದವನ್ನು ಹಾಸಿಗೆ ಮಡಿಸಿದವನಿಗೂ ಬಳಸಿದ ಏಕೈಕ ಸಾಹಿತಿ ನಾನೇ ಇರಬೇಕು.

ಈ ಸಂಭ್ರಮದಲ್ಲಿ ಚಪ್ಪಾಳೆ ಹೊಡೆಯದವರು ಡ್ರಿಲ್ ಮಾಸ್ಟರೊಬ್ಬರೇ. ಹೆಗಲ ಮೇಲೆ ಸದಾ ಒಂದು ಟವೆಲ್ಲು, ಕುತ್ತಿಗೆಯಲ್ಲಿ ವಿಸಿಲ್ಲು. ಹೊಸ ಕಪ್ಪು ಬಂದರೆ ಅದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿ, "ಬೆಳ್ಳಿ ಅಂದ್ರಲ್ಲ ಸಾರ್, ತಗಡು ಕೂಗ್ತಾ ಐತೆ" ಎನ್ನುವರು. ಉದ್ದಜಿಗಿತದಲ್ಲಿ ಯಾರಾದರೂ ಗೆದ್ದರೆ ಮರುದಿನ ಬೆಳಿಗ್ಗೆ ಅವನನ್ನು ಒಬ್ಬನೇ ಕರೆದುಕೊಂಡು ಹೋಗಿ, "ನಿನ್ನೆ ಜನ ಇದ್ರು, ಇವತ್ತು ಮರಳಿಗೆ ತೋರ್ಸು" ಎಂದು ಇನ್ನೊಮ್ಮೆ ಜಿಗಿಸುವರು. ಅವರ ಧರ್ಮಸೂತ್ರ ಒಂದೇ: "ನೋಡ್ದೆ ನಂಬ್ಬೇಡಿ. ನೋಡಿದ್ಮೇಲೂ ಅರ್ಜೆಂಟ್ ಮಾಡ್ಬೇಡಿ."

ಈ ಸಂಶಯ ಅವರಿಗೆ ಪಿತ್ರಾರ್ಜಿತ. ಅವರ ತಂದೆ ಮಾದನಾಯಕನಹಳ್ಳಿಯ ಕಡೆ ದನದ ದಳ್ಳಾಳಿ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವ ರೂಢಿಯಿಲ್ಲ. ಕೊಳ್ಳುವವನ ಕೈಯನ್ನು ಟವೆಲ್ಲಿನ ಅಡಿಯಲ್ಲಿ ಹಿಡಿದು, ಬೆರಳು ಒತ್ತಿ, ವ್ಯಾಪಾರ ಮುಗಿಸುತ್ತಾರೆ. ಮೇಲೆ ನಗು, ಕೆಳಗೆ ಲೆಕ್ಕ. ಎತ್ತಿನ ವಯಸ್ಸನ್ನು ಮಾತ್ರ ಮಾಲೀಕ ಹೇಳಿದ್ದನ್ನು ಯಾರೂ ಕೇಳುವುದಿಲ್ಲ, ತುಟಿ ಎತ್ತಿ ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಆಮೇಲೆ ಎಲ್ಲ ಹಲ್ಲೂ ಬಂದು ‘ಬಾಯ್ಗೂಡಿತು’ ಎನ್ನುತ್ತಾರೆ.

ನಮ್ಮ ಡ್ರಿಲ್ ಮಾಸ್ಟರು ಈ ಶಾಸ್ತ್ರವನ್ನು ಕಬಡ್ಡಿಗೆ ತಂದರು.

ಸುತ್ತಲಿನ ಶಾಲೆಗಳ ನಡುವೆ ಸಂಕ್ರಾಂತಿಯ ಆಸುಪಾಸಿನಲ್ಲಿ ಕಬಡ್ಡಿ ಪಂದ್ಯ ನಡೆಯುತ್ತಿತ್ತು. ವೈಟ್‌ಫೀಲ್ಡಿನ ಸಾಹುಕಾರರೊಬ್ಬರು ತಮ್ಮ ತಂದೆಯ ನೆನಪಿಗೆ ಅದಕ್ಕೊಂದು ದೊಡ್ಡ ಶೀಲ್ಡು ಇಟ್ಟಿದ್ದರು. ಗೆದ್ದವರು ಒಂದು ವರ್ಷ ಇಟ್ಟುಕೊಂಡು ಹಿಂತಿರುಗಿಸಬೇಕು, ಸತತ ಮೂರು ವರ್ಷ ಗೆದ್ದವರಿಗೆ ಅದು ಕಾಯಂ. ಆಟಗಾರನಿಗೆ ಹದಿನಾರು ದಾಟಿರಬಾರದೆಂಬುದು ನಿಯಮ. ಆದರೆ ಕೆಲವು ಶಾಲೆಗಳ ಹದಿನಾರರ ಬಾಲಕರು ಅಂಕಣದ ಪಕ್ಕದಲ್ಲಿ ಬೀಡಿ ಆರಿಸಿ ಒಳಗೆ ಬರುತ್ತಿದ್ದರು. ಕೇಳಿದರೆ ಎಲ್ಲರ ಹತ್ತಿರವೂ ಸರ್ಟಿಫಿಕೇಟು.

ಡ್ರಿಲ್ ಮಾಸ್ಟರು ಸರ್ಟಿಫಿಕೇಟು ಕೇಳುತ್ತಲೇ ಇರಲಿಲ್ಲ. ಎದುರಾಳಿ ತಂಡ ಬಂದೊಡನೆ ಅತಿಥಿ ಸತ್ಕಾರವೆಂದು ಒಬ್ಬೊಬ್ಬರಿಗೂ ಒಂದೊಂದು ತುಂಡು ಕಬ್ಬು ಕೊಡುವರು. "ಸಂಕ್ರಾಂತಿ ಕಣ್ರಪ್ಪಾ, ನಾಚ್ಕೋಬೇಡಿ, ಹಿಂದಲ್ ಹಲ್ಲಲ್ಲಿ ಚೆನ್ನಾಗ್ ಅಗೀರಿ" ಎಂದು ಉಪಚಾರ ಮಾಡುತ್ತ, ಬಗ್ಗಿ ಬಗ್ಗಿ ನೋಡುತ್ತ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಯಾರ ಬುದ್ಧಿಹಲ್ಲು ಬಂದಿದೆ ಎಂದು ತೀರ್ಪು ಸಿದ್ಧ. ಹೊಸಕೋಟೆಯ ಕಡೆಯ ಶಾಲೆಯ ನಂಜಪ್ಪ ಮೇಷ್ಟ್ರ ತಂಡದಲ್ಲಿ ಒಮ್ಮೆ ಒಬ್ಬನನ್ನು ಹೀಗೆ ಹಿಡಿದರು. ಆ ಬಾಲಕ ಗದರಿಸಿದೊಡನೆ ಅಳಲಿಲ್ಲ, "ಮನೇಲಿ ಹೆಂಡ್ತಿಗೆ ಹೇಳ್ಬೇಡಿ ಸಾರ್" ಎಂದ. ನಮ್ಮ ಹೆಡ್ ಮಾಸ್ಟರು ಅಂದು ಹೊಡೆದ ಚಪ್ಪಾಳೆ ಈಗಲೂ ನನ್ನ ಕಿವಿಯಲ್ಲಿದೆ. ನಂಜಪ್ಪ ಮೇಷ್ಟ್ರು ಮಾತ್ರ ಹೋಗುವಾಗ, "ಆಗ್ಲಿ ಗುರುಗಳೇ, ಒಂದಿನ ನಾನೂ ಕಬ್ ತರ್ತೀನಿ" ಎಂದು ಕೈ ಮುಗಿದು ಹೋದರು.

ನಮ್ಮ ತಂಡದ ಪ್ರಾಣ ಮುನಿರಾಜು. ಕಾಡುಗೋಡಿಯ ಒಕ್ಕಲು ಮನೆಯ ಹುಡುಗ. ಶಾಲೆಯ ಕಟ್ಟಡ ನಿಂತಿರುವ ನೆಲ ಅವರ ತಾತ ಕೊಟ್ಟದ್ದು. ಅದಕ್ಕೆ ಪ್ರತಿಯಾಗಿ ಅವನಿಗೆ ಹಾಸ್ಟೆಲ್ಲಿನಲ್ಲಿ ಫೀಸಿಲ್ಲದ ಸೀಟು. ಉಳಿದ ಹುಡುಗರು ಕಪ್ಪು ಗೆಲ್ಲುತ್ತಿದ್ದುದು ಶಾಸನದ ಬಲದಿಂದ. ಇವನು ಗೆಲ್ಲುತ್ತಿದ್ದುದು ತೊಡೆಯ ಬಲದಿಂದ. ಅವನು ದಾಳಿಗೆ ಹೋದರೆ ಎದುರಿನವರು ಕಾಲು ಹಿಡಿಯಬಹುದಿತ್ತು, ಹಿಡಿದವರನ್ನೂ ಎಳೆದುಕೊಂಡು ಗೆರೆಗೆ ಬರುತ್ತಿದ್ದ. ಅವನಿದ್ದ ತಂಡ ಎರಡು ವರ್ಷ ಶೀಲ್ಡು ತಂದಿತ್ತು. ಶಾಲೆಯ ದಾಖಲೆಯಂತೆ ಅವನಿಗೆ ಹದಿನೈದು.

ಮೂರನೆಯ ವರ್ಷದ ಪಂದ್ಯಕ್ಕೆ ಮುಂಚೆ ಒಂದು ಬೆಳಿಗ್ಗೆ ಅವನ ತಾಯಿ ಪಾಪಮ್ಮ ಹೆಡ್ ಮಾಸ್ಟರ ಕೋಣೆಗೆ ಬಂದಳು. ನಾನೂ ಡ್ರಿಲ್ ಮಾಸ್ಟರೂ ಅಲ್ಲೇ ಇದ್ದೆವು. ಅವರ ಉಳಿದ ಹೊಲವೆಲ್ಲ ಕಾರ್ಖಾನೆಗೆ ಹೋಗಿತ್ತು. ಜಮೀನು ಕೊಟ್ಟ ಮನೆಗೊಂದು ಕೆಲಸವೆಂದು ಕಾರ್ಖಾನೆಯವರು ಹೇಳಿದ್ದರು. ಕೆಲಸಕ್ಕೆ ಬರುವವನಿಗೆ ಹದಿನೆಂಟು ತುಂಬಿರಬೇಕು. ತಿಂಗಳ ಕೊನೆಯೊಳಗೆ ಹೆಸರು ಕೊಡಬೇಕು. ಆಮೇಲೆ ಬಾಗಿಲು ಹಾಕಿದಂತೆ. ಮನೆಯಲ್ಲಿದ್ದ ಗಂಡುಮಗ ಇವನೊಬ್ಬನೇ.

"ನನ್ ಮಗಂಗೆ ಅದ್ನೆಂಟಾಯ್ತು ಸಾಮಿ, ಅಂಗಂತ ಬರ್ಕೊಡಿ" ಎಂದಳು.

"ಏನಮ್ಮಾ, ಅವನಿಗೆ ಹದಿನೈದು. ನಮ್ಮ ರೆಕಾರ್ಡಲ್ಲಿದೆ" ಎಂದರು ಹೆಡ್ ಮಾಸ್ಟರು.

"ನಿಮ್ ರೆಕಾಡ್ ಅವನ್ನ ಎತ್ತಿತ್ತಾ ಸಾಮಿ? ದನ ಮೇಯಿಸ್ಕೊಂಡಿದ್ದೋನ್ನ ತಡ್ವಾಗಿ ಸೇರ್ಸಿದ್ದು. ದೊಡ್ಡೋನಾದ, ಐದ್ನೇ ಕ್ಲಾಸ್ಗೆ ಸೇರ್ಸಕ್ಕಾಗಲ್ಲ ಅಂತ ಆಗಿನ್ ಗುಮಾಸ್ತಪ್ಪ್ನೋರೇ ವಯಸ್ ಕಮ್ಮಿ ಮಾಡ್ಕಂಡ್ರು. ಇಂಗೆ ಬರ್ದ್ರೆ ನಿಂಗೇನ್ ನಷ್ಟ ಅಂದ್ರು."

ಹೆಡ್ ಮಾಸ್ಟರು ನನ್ನ ಕಡೆ ನೋಡಿ ಇಂಗ್ಲಿಷಿನಲ್ಲಿ, ಕೆಲಸಕ್ಕಾಗಿ ಜನ ಏನು ಬೇಕಾದರೂ ಹೇಳುತ್ತಾರೆ ಎಂದರು. ಪಾಪಮ್ಮನಿಗೆ ಕನ್ನಡದಲ್ಲಿ, "ಪಂದ್ಯ ಮುಗೀಲಿ, ನೋಡೋಣ" ಎಂದರು. ಪಂದ್ಯ ಗೆದ್ದರೆ ಶೀಲ್ಡು ಕಾಯಂ, ಶೀಲ್ಡು ಕಾಯಂ ಆಗಬೇಕಾದರೆ ಹುಡುಗ ಕಾಯಂ ಹದಿನೈದು ಎಂಬ ಗಣಿತ ಪಾಪಮ್ಮನಿಗೂ ಅರ್ಥವಾಯಿತು. ಬಾಗಿಲಲ್ಲಿ ತಿರುಗಿ ಡ್ರಿಲ್ ಮಾಸ್ಟರನ್ನು ನೋಡಿ, "ಊರವ್ರ್ ಮಕ್ಳ ಬಾಯೆಲ್ಲ ನೋಡ್ತೀರಂತಲ್ಲ ಮೇಷ್ಟ್ರೇ" ಎಂದಳು. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರಿರಲಿಲ್ಲ.

ಅವಳ ಮಾತನ್ನೂ ಅವರು ನಂಬಲಿಲ್ಲ. ಆ ಸಂಜೆಯೇ ನನ್ನನ್ನು ಜೊತೆ ಮಾಡಿಕೊಂಡು ಅವಳ ಮನೆಗೆ ಹೋದರು. ಮಗ ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಪಾಪಮ್ಮ ಕೊಟ್ಟಿಗೆಯತ್ತ ಕೈ ತೋರಿಸಿದಳು.

"ಆ ಕೆಂದೆತ್ತು ಹುಟ್ಟಿದ್ ವಾರವೇ ಇವ್ನೂ ಹುಟ್ಟಿದ್ದು. ಬೇಕಾದ್ರೆ ನೋಡ್ಕಳಿ."

ಡ್ರಿಲ್ ಮಾಸ್ಟರು ಗಂಭೀರವಾಗಿ ಹೋಗಿ ಎತ್ತಿನ ತುಟಿ ಎತ್ತಿದರು. ಎತ್ತು ಅದಕ್ಕಿಂತ ಗಂಭೀರವಾಗಿ ಅವರನ್ನು ನೋಡಿತು.

"ಇದು ಬಾಯ್ಗೂಡಿ ಯಾವ್ ಕಾಲ ಆಯ್ತೋ. ಬಾಯ್ಗೂಡಿದ್ಮೇಲೆ ಎತ್ತಿನ ವಯಸ್ಸು ಎತ್ತಿಗೂ ಗೊತ್ತಿರಲ್ಲ ಕಣಮ್ಮ."

"ಎತ್ತಿನ್ ಬಾಯಿ ಯಾಕ್ ನೋಡ್ತೀರಿ? ಮಗ ನಿಮ್ ಅಂಗ್ಳದಾಗೇ ಅವ್ನಲ್ಲ."

ವಾಪಸು ಬರುವ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಹೋಗುವವರೆಗೆ ನಿಂತೆವು. ನಾನು ಸುಮ್ಮನಿರಲಾರದೆ ಕೇಳಿದೆ: "ಅಲ್ಲ ಸಾರ್, ಇಷ್ಟು ವರ್ಷದಲ್ಲಿ ನಮ್ಮ ಹುಡುಗರಿಗೆ ಒಂದು ದಿನವೂ ಕಬ್ಬು ಕೊಟ್ಟಿಲ್ಲವಲ್ಲ ನೀವು?"

"ಮನೆ ಎತ್ತಿನ್ ಹಲ್ಲು ಯಾರೂ ಎಣಿಸೋಲ್ಲ ಸಾರ್."

"ಯಾಕೆ?"

"ಎಣಿಸಿದ್ರೆ ಮಾರ್ಬೇಕಾಗುತ್ತೆ."

ಮೂರನೆಯ ವರ್ಷವೂ ನಾವೇ ಗೆದ್ದೆವು. ಫೈನಲ್ಲಿನಲ್ಲಿ ಸೋತವರು ನಂಜಪ್ಪ ಮೇಷ್ಟ್ರ ಹುಡುಗರು. ಸಂಭ್ರಮಕ್ಕೆ ನಮ್ಮ ಶಾಲೆ ಕಾದಿತ್ತು. ಶೀಲ್ಡಿಗೆಂದು ಗಾಜಿನ ಬೀರು ಮಾಡಿಸಿದರು. ಸ್ಟೇಷನ್ನಿನಿಂದ ಶಾಲೆಯವರೆಗೆ ಮುನಿರಾಜುವನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ಮೆರವಣಿಗೆ. ಅವನ ಮುಖ ಮದುವೆಗೆ ಒಲ್ಲದ ಮದುಮಗನಂತೆ ಇತ್ತು. ನಾನು ‘ಹದಿನೈದರ ಹರೆಯದ ಗಂಡುಗಲಿಯೇ’ ಎಂದು ಶುರುವಾಗುವ ಬಿನ್ನವತ್ತಳೆಗೆ ಗಾಜು ಹಾಕಿಸಿ ಚೌಕಟ್ಟು ಕಟ್ಟಿಸಿದ್ದೆ. ಶಾಸನ ಕೆತ್ತಿದವರಿಗೂ ಇಷ್ಟು ಆತುರವಿರಲಿಲ್ಲ.

ಗೆಲುವಿಗೆ ಸೋತವರ ಚಪ್ಪಾಳೆಯಿಂದಲೇ ಕಳೆ ಎಂಬುದು ಹೆಡ್ ಮಾಸ್ಟರ ನಂಬಿಕೆ. ಆದ್ದರಿಂದ ನಂಜಪ್ಪ ಮೇಷ್ಟ್ರಿಗೂ ವೇದಿಕೆಯ ಮೇಲೆ ಕುರ್ಚಿ, ಬಿನ್ನವತ್ತಳೆ ಓದಬೇಕಾದ ನನಗೆ ಅವರ ಪಕ್ಕದಲ್ಲಿ. ಶೀಲ್ಡು ಇಟ್ಟ ಸಾಹುಕಾರರು ಅಧ್ಯಕ್ಷರು. ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಸಾಹುಕಾರರು ಶೀಲ್ಡು ಎತ್ತಬೇಕು, ಅಷ್ಟರಲ್ಲಿ ನಂಜಪ್ಪ ಮೇಷ್ಟ್ರು ಎದ್ದು ಕುರ್ಚಿಯ ಹಿಂದಿನಿಂದ ಒಂದು ಕಬ್ಬಿನ ಜಲ್ಲೆ ಹೊರತೆಗೆದರು.

"ನಾವ್ ಬಡ ಶಾಲೆಯೋರು ಸಾರ್, ಹಾರ ತಂದಿಲ್ಲ. ಇಷ್ಟ್ ವರ್ಷ ನಿಮ್ ಕಬ್ಬು ತಿಂದಿದೀವಿ. ಇವತ್ತು ನಿಮ್ ಹುಡುಗ ನಮ್ ಕಬ್ಬು ತಿನ್ಲಿ."

ಆ ಕಬ್ಬಿನ ಅರ್ಥ ಗೊತ್ತಿಲ್ಲದವರು ಅಲ್ಲಿ ಸಾಹುಕಾರರೊಬ್ಬರೇ.

"ಥ್ಯಾಂಕ್ಯೂ, ಥ್ಯಾಂಕ್ಯೂ. ಅದನ್ನ ಮೆಸ್ಸಿಗೆ ಕಳಿಸೋಣ, ಎಲ್ರೂ ತಿನ್ಲಿ, ಪ್ರೋಗ್ರಾಂ ಲೇಟಾಗುತ್ತೆ" ಎಂದು ಹೆಡ್ ಮಾಸ್ಟರು ಕೈ ಚಾಚಿದರು. ಅವರಿಗಿಂತ ಮೊದಲು ಡ್ರಿಲ್ ಮಾಸ್ಟರ ಕೈ ಜಲ್ಲೆಗೆ ಹೋಯಿತು. ಮೊಣಕಾಲಿಗೆ ಕೊಟ್ಟು ಲಟ್ಟನೆ ಮುರಿದರು. ಮುನಿರಾಜು ನಿಂತಿದ್ದುದು ಮೈಕಿನ ಎದುರು.

"ಕಚ್ಚೋ."

ಹುಡುಗ ಅವರ ಮುಖವನ್ನೇ ನೋಡಿದ.

"ಸಾರ್..."

"ಕಚ್ಚೋ ಮಗಾ. ಹಿಂದಕ್ಕಾಕ್ಕೊಂಡ್ ಅಗಿ."

ಹುಡುಗ ಕಚ್ಚಿದ, ಅಗಿದ. ಆ ಸದ್ದು ಮೈಕಿನಲ್ಲಿ ಹೋಗಿ, ಕಟ್ಟಡದ ಮೇಲಿನ ಲೌಡ್‌ಸ್ಪೀಕರಿನಿಂದ ಊರಿಗೆಲ್ಲ ಕೇಳಿಸಿತು. ಡ್ರಿಲ್ ಮಾಸ್ಟರು ಅವನ ಗದ್ದ ಹಿಡಿದು, ಮುಖವನ್ನು ಬಿಸಿಲಿಗೆ ತಿರುಗಿಸಿ, ಬಗ್ಗಿ ನೋಡಿದರು. ಬೇರೆ ಮಕ್ಕಳ ಬಾಯನ್ನು ಅವರು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಕೈ ಬಿಟ್ಟು ಹೇಳಿದರು:

"ಬಾಯ್ಗೂಡೈತೆ."

"ಏನಂದ್ರು?" ಎಂದರು ಸಾಹುಕಾರರು.

"ಏನಿಲ್ಲ ಸಾರ್, ಹಲ್ಲು ಚೆನ್ನಾಗಿದೆ ಅಂದ್ರು" ಎಂದರು ಹೆಡ್ ಮಾಸ್ಟರು.

"ಹಲ್ಲು ಚೆನ್ನಾಗೇ ಐತೆ ಸಾರ್, ಅದೇ ತೊಂದ್ರೆ" ಎಂದು ಡ್ರಿಲ್ ಮಾಸ್ಟರು ಮೈಕಿಗೇ ಹೇಳಿದರು. "ಹುಡುಗ್ನಿಗೆ ಹದಿನೆಂಟು ಆಗೋಗೈತೆ. ಈ ಶೀಲ್ಡು ನಮ್ದಲ್ಲ."

"ರೀ! ಇದು ದನದ ಸಂತೆ ಅಲ್ಲ ಕಣ್ರೀ!" ಎಂದು ಹೆಡ್ ಮಾಸ್ಟರು ಗದರಿದರು.

"ಅವ್ರ್ ಹುಡುಗ್ರ ಬಾಯಿ ನೋಡ್ದಾಗ ಸಂತೆ ಆಗಿತ್ತಲ್ಲ ಸಾರ್? ನೀವೇ ಚಪ್ಪಾಳೆ ಹೊಡೆದ್ರಿ."

ನೆಲದ ಮೇಲೆ ಕೂತಿದ್ದ ಹೆಂಗಸರ ನಡುವಿನಿಂದ ಪಾಪಮ್ಮ ಎದ್ದು, "ಅದ್ನೇ ಸಾಮಿ ನಾ ಅವತ್ತಿಂದ ಬಡ್ಕಂತಿರೋದು!" ಎಂದು ಕೂಗಿದಳು. ಬ್ಯಾಂಡಿನವರು ಇದೇ ಸೂಚನೆಯೆಂದು ತಿಳಿದು ಬಾರಿಸತೊಡಗಿದರು.

ಮುಂದಿನದು ಬೇಗ ಮುಗಿಯಿತು. ಹದಿನೈದೇ ಎಂದು ಪಟ್ಟು ಹಿಡಿದರೆ ನಂಜಪ್ಪ ಮೇಷ್ಟ್ರು ಡಾಕ್ಟರನ್ನು ಕರೆಸಿ ಎನ್ನುತ್ತಿದ್ದರು. ಶಾಲೆ ಮೋಸ ಮಾಡಿತು ಎನಿಸಿಕೊಳ್ಳುವುದಕ್ಕಿಂತ ಹಿಂದಿನ ಗುಮಾಸ್ತ ತಪ್ಪು ಮಾಡಿದ ಎನ್ನುವುದು ಲೇಸೆಂದು ಹೆಡ್ ಮಾಸ್ಟರಿಗೆ ಆ ರಾತ್ರಿಯೇ ಜ್ಞಾನೋದಯವಾಯಿತು. ಗುಮಾಸ್ತರು ಸತ್ತು ಬಹಳ ಕಾಲವಾಗಿದ್ದರಿಂದ ಅವರ ಆಕ್ಷೇಪಣೆಯೂ ಇರಲಿಲ್ಲ. ಪಾಪಮ್ಮ ಕೋರ್ಟಿನಲ್ಲಿ ಪ್ರಮಾಣ ಮಾಡಿದಳು, ಹೆಡ್ ಮಾಸ್ಟರು ತಿದ್ದಿ ಸಹಿ ಹಾಕಿದರು, ತಿಂಗಳು ಮುಗಿಯುವುದರೊಳಗೆ ಕಾರ್ಖಾನೆಗೆ ಹೆಸರು ಹೋಯಿತು. ಹಿಂದಿನ ಗೆಲುವುಗಳನ್ನು ಕೆದಕುವುದು ಬೇಡವೆಂದು ಸಾಹುಕಾರರೇ ಹೇಳಿದರು. ಬಿನ್ನವತ್ತಳೆಯಲ್ಲಿ ‘ಹದಿನೈದರ’ ಎಂಬುದನ್ನು ಕೆರೆದು ತೆಗೆಯಲು ನನಗೆ ಆಜ್ಞೆಯಾಯಿತು. ಕೆರೆದೆ, ಅಲ್ಲಿ ತೂತಾಯಿತು. ಗಾಜಿನ ಬೀರುವಿನಲ್ಲಿ ಹಾಸಿಗೆ ಮಡಿಸಿದ ಕಪ್ಪುಗಳನ್ನು ಇಟ್ಟರು.

ಸ್ಟಾಫ್ ರೂಮಿನಲ್ಲಿ ಡ್ರಿಲ್ ಮಾಸ್ಟರ ಮೇಲೆ ಅನುಮಾನಗಳ ಸುರಿಮಳೆ. ನಂಜಪ್ಪನ ಶಾಲೆಯಲ್ಲಿ ಕೆಲಸ ಗೊತ್ತು ಮಾಡಿಕೊಂಡಿದ್ದಾರೆ ಎಂದು ಗಣಿತದವರು. ಮೆರವಣಿಗೆಯಲ್ಲಿ ಅವರನ್ನು ಟ್ರ್ಯಾಕ್ಟರ್ ಹತ್ತಿಸಲಿಲ್ಲ ಎಂಬ ಹೊಟ್ಟೆಕಿಚ್ಚು ಎಂದು ವಿಜ್ಞಾನದವರು. ಬರೀ ನೇರ ಮನುಷ್ಯ ಇರಬಹುದಲ್ಲ ಎಂದು ನಾನು ಅಂದೆ. ಅದನ್ನು ಯಾರೂ ನಂಬಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನಗೂ ನಂಬಿಕೆ ಉಳಿಯಲಿಲ್ಲ. ಹೆಡ್ ಮಾಸ್ಟರು ಆ ವರ್ಷದಿಂದ ಕಬಡ್ಡಿಯನ್ನೇ ನಿಲ್ಲಿಸಿ ಡ್ರಿಲ್ ಮಾಸ್ಟರನ್ನು ಹಾಸ್ಟೆಲ್ಲಿನ ತರಕಾರಿ ಉಸ್ತುವಾರಿಗೆ ಹಾಕಿದರು. ಅವರು ಅಲ್ಲಿಯೂ ಬದನೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ ನೋಡುತ್ತ ನಿವೃತ್ತಿಯವರೆಗೆ ಇದ್ದರು. ಅಂದಿನ ವಿಷಯ ಕೇಳಿದಾಗಲೆಲ್ಲ, "ನೋಡಿದ್ದು ಹೇಳ್ದೆ ಸಾರ್" ಎನ್ನುವರು. ಹೇಳುವಾಗ ಕೈ ಟವೆಲ್ಲಿನ ಅಡಿಯಲ್ಲಿರುತ್ತಿತ್ತು.

ಅವರ ಮಣ್ಣಿಗೆಂದು ಮಾದನಾಯಕನಹಳ್ಳಿಗೆ ಹೋದಾಗ ನಂಜಪ್ಪ ಮೇಷ್ಟ್ರೂ ಬಂದಿದ್ದರು. ಕೋಲೂರಿಕೊಂಡು ನಡೆಯುವಷ್ಟು ಹಣ್ಣಾಗಿದ್ದರು. ವಾಪಸು ಬರುವಾಗ ತುಮಕೂರು ರಸ್ತೆಯಲ್ಲಿ ಇಬ್ಬರೂ ಬಸ್ಸಿಗೆ ನಿಂತೆವು.

"ಅಂತೂ ಅವತ್ತು ಕಬ್ಬು ತಂದು ಸೇಡು ತೀರಿಸಿಕೊಂಡಿರಿ" ಎಂದೆ.

"ಯಾರ್ ಸಾರ್ ತಂದಿದ್ದು? ನಾನು ಹಾರಾನೇ ತಂದಿದ್ದೆ, ಚೀಲದಲ್ಲೇ ಉಳೀತು. ಬೆಳಿಗ್ಗೆ ಬಸ್ ಇಳೀತಿದ್ದಂಗೆ ಕಾಡುಗೋಡಿ ಗೇಟ್ ಹತ್ರ ನಿಮ್ಮೋರೇ ಜಲ್ಲೆ ಹಿಡ್ಕೊಂಡು ನಿಂತಿದ್ರು. ‘ನಂಜಪ್ಪಾ, ಇದು ನೀನೇ ತಂದೆ ಅನ್ನು. ಶೀಲ್ಡು ನಿಂಗೆ’ ಅಂದ್ರು. ಟವೆಲ್ ಕೆಳಗೆ ಕೈ ಹಿಡ್ಕೊಂಡು ಒತ್ತಿದ್ರು. ಅಪ್ಪನ ಮಗ."

ನಾನು ರಸ್ತೆ ನೋಡುವುದನ್ನು ಬಿಟ್ಟು ಅವರ ಕಡೆ ತಿರುಗಿದೆ.

"ಹಾಗಾದರೆ ಆ ಹಲ್ಲು?"

"ನೀವ್ ಪಕ್ಕದಲ್ಲೇ ಕೂತಿದ್ರಲ್ಲ. ನಿಮಗ್ ಕಾಣಿಸ್ತಾ?"

"ನನಗೆ ಕಂಡದ್ದು ಕಬ್ಬಿನ ಸಿಪ್ಪೆ."

"ನನಗೂ ಅಷ್ಟೇ" ಎಂದರು ನಂಜಪ್ಪ ಮೇಷ್ಟ್ರು. ಬಸ್ಸು ಬಂತು.

ಆ ವರ್ಷ ಮುನಿರಾಜು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಮರುವಾರ ಕಾರ್ಖಾನೆಗೆ ಸೇರಿದ. ಶೀಲ್ಡು ಹೊಸಕೋಟೆಯ ಕಡೆಯ ಶಾಲೆಗೆ ಹೋಯಿತು.